ವಸಾಹತಿನೊಳಗಿನ ವಾಸ

ಭದ್ರಾವತಿಯಿಂದ ಬರುವಾಗ ಬಸ್ಸು ಮಾಚೇನಹಳ್ಳಿ ದಾಟುತ್ತಿತ್ತು. ಕಿಟಕಿಗೆ ಹಣೆ ಒತ್ತಿಕೊಂಡಿದ್ದ ಮಗಳು ತಿರುಗಿ ಕೇಳಿದಳು: "ಅಪ್ಪಾ, ಇದನ್ನೂ ಕೈಗಾರಿಕಾ ವಸಾಹತು ಅಂತಾರಲ್ಲ, ಇಲ್ಲಿ ಯಾರು ಯಾರನ್ನ ಆಳ್ತಾರೆ?" ಅವಳ ಸಮಾಜ ಪುಸ್ತಕದಲ್ಲಿ ವಸಾಹತು ಎಂದರೆ ಪರರ ಆಳ್ವಿಕೆ. ನನ್ನ ಕಿವಿಗೆ ಅದು ಲೇತ್ ಮಿಷನ್ನಿನ ಸದ್ದು. ರವೀಂದ್ರನಗರದ ಮನೆಗೆ ಬಂದು ಚಪ್ಪಲಿ ಬಿಟ್ಟರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮರಾಠಿಯವರೂ ಬಳಸುವ ಈ ಪದದ ಹೊಟ್ಟೆಯಲ್ಲಿರುವುದು ವಾಸ. ಜನ ಬಂದು ನೆಲೆನಿಂತ ಜಾಗ, ಅಷ್ಟೇ. ಭದ್ರಾವತಿಯ ಕಾರ್ಖಾನೆಯವರ ಬಾಯಲ್ಲಿ 'ಕಾಲೋನಿ' ಎಂದರೂ ಸಾಲುಮನೆ, ಬೀದಿನಲ್ಲಿ, ಅಂಗಳದ ಕರಿಬೇವು. ಹಿಂದೆ 'ಶಾಹಿ' ಅಂಟಿದ ಮೇಲೆಯೇ ಪದಕ್ಕೆ ದರ್ಪ ಬಂದದ್ದು.

ಆ ದರ್ಪ ನಮ್ಮ ಕರಾವಳಿಗೂ ಬಂದಿತ್ತು. ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ 1505ರಲ್ಲೇ ಪೋರ್ಚುಗೀಸರ ಅಲ್ಮೇಡಾ ಕೋಟೆ ಕಟ್ಟಿಸಿದ್ದ. ನಮ್ಮ ಶಿವಪ್ಪನಾಯಕ 1650ರ ದಶಕದಲ್ಲಿ ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಅವರನ್ನು ಓಡಿಸಿದ. 1661ರಲ್ಲಿ ಅವರ ರಾಜಕುಮಾರಿಯ ಮದುವೆಗೆ ಬೊಂಬಾಯಿಯನ್ನು ಇಂಗ್ಲಿಷ್ ದೊರೆಗೆ ಬಳುವಳಿ ಕೊಟ್ಟರು, ಅಲ್ಲಿದ್ದವರನ್ನು ಕೇಳಿದವರಿಲ್ಲ. ಅದನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನಿಕರು ಅಂಜದೀವ್‌ನಲ್ಲಿ ಕಾದು ಕಾದು, ಹೆಚ್ಚಿನವರು ರೋಗ ಬಂದು ಸತ್ತರು. ಕಾರವಾರದ ಮೀನುಗಾರರ ಕಣ್ಣಳತೆಯ ಈ ನೆಲ 1947ರ ನಂತರವೂ 14 ವರ್ಷ ಲಿಸ್ಬನ್ನಿನದೇ ಆಗಿತ್ತು. 1961ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆ ಅಲ್ಲಿ ಇಳಿಯಿತು. ಏಳು ನಾವಿಕರು ಪ್ರಾಣ ಕೊಟ್ಟರು.

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ವಸಾಹತು ಎಂಬ ಪದ ಪೂರ್ತಿ ತಲೆಕೆಳಗಾಯಿತು. 1965ರಲ್ಲಿ ಬ್ರಿಟನ್ ಅವನ್ನು ಮಾರಿಷಸ್‌ನಿಂದ ಬೇರ್ಪಡಿಸಿ ತನ್ನಲ್ಲೇ ಇಟ್ಟುಕೊಂಡಿತು. ಅವುಗಳಲ್ಲೊಂದಾದ ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆ ಆಗಬೇಕಿತ್ತು. 1973ರ ಹೊತ್ತಿಗೆ ಈ ದ್ವೀಪಗಳಲ್ಲಿದ್ದವರನ್ನೆಲ್ಲ ಎಬ್ಬಿಸಿದ್ದಾಯಿತು. ಅವರ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ, ಭಾರತದಿಂದ ಕೂಲಿಗಳಾಗಿ ಬಂದು ತೆಂಗಿನ ತೋಟಗಳಲ್ಲಿ ದುಡಿದವರು. ತಲೆಮಾರುಗಳಿಂದ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರನ್ನು ಕಾಗದದ ಮೇಲೆ ಗುತ್ತಿಗೆ ಕೂಲಿಗಳು, ಕಾಯಂ ನಿವಾಸಿಗಳಲ್ಲ ಎಂದು ಬರೆದರು. ನಿವಾಸಿ ಎಂಬ ಪದವನ್ನೇ ಕಸಿದುಕೊಂಡದ್ದು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಬೇರ್ಪಡಿಸಿದ ರೀತಿಯೇ ಕಾನೂನಿಗೆ ವಿರುದ್ಧ ಎಂದು ಅಭಿಪ್ರಾಯ ಕೊಟ್ಟಿತು. ಆಮೇಲೆ ದ್ವೀಪಗಳ ಬಗ್ಗೆ ಮಾತುಕತೆಯೆಲ್ಲ ನಡೆದದ್ದು ಲಂಡನ್ನು, ಮಾರಿಷಸ್ಸುಗಳ ನಡುವೆ.

ಮಗಳಿಗೆ ರಾತ್ರಿ ಊಟದ ಹೊತ್ತಿನಲ್ಲಿ ಇದಷ್ಟನ್ನೂ ಹೇಳಿದೆ. 2006ರಲ್ಲಿ ಆ ಚಾಗೋಸಿನವರಲ್ಲಿ ಸುಮಾರು ನೂರು ಮಂದಿಗೆ ಕೆಲವೇ ದಿನದ ಮಟ್ಟಿಗೆ ಹೋಗಿಬರಲು ಬಿಟ್ಟರು. ಹೋದವರು ಹಿರಿಯರ ಗೋರಿಗಳ ಮೇಲಿನ ಕಳೆ ಕಿತ್ತು, ಗುಡಿಸಿ, ಮತ್ತೆ ಹಡಗು ಹತ್ತಿದರು.