ತೊಲೆಯ ಕೊಂಡಿಗಳು

ಅಕ್ಕ ಹೆರಿಗೆಗೆ ಬರುತ್ತಾಳೆಂದು ನನ್ನ ಓದುವ ಕೋಣೆ ಖಾಲಿ ಮಾಡಿದೆ. ನೆಂಟರು ಬಂದರೂ ಮಲಗುವುದು ಅಲ್ಲೇ. ಪುಸ್ತಕ ಇಳಿಸುವಾಗ ತೊಲೆಯ ಕಬ್ಬಿಣದ ಕೊಂಡಿಗಳು ಕಣ್ಣಿಗೆ ಬಿದ್ದವು. ಹಳೆಯ ಮನೆಗಳ ಬಗ್ಗೆಯೇ ಪಿಎಚ್‌ಡಿ ಮಾಡುತ್ತಿದ್ದೇನೆ. ಕಂಬ, ಬಾಗಿಲು ಎಣಿಸಿದವನು ಕೊಂಡಿ ಎಣಿಸಿರಲಿಲ್ಲ.

ನಮ್ಮ ಕಡೆ ಮಗುವಿಗೆಂದೇ ಕೋಣೆ ಎಲ್ಲಿತ್ತು? ತೊಟ್ಟಿಲು ತೂಗಿದ ಜಾಗವೇ ಅದರದು. ಹಾಗಾಗಿ ಅಲಂಕಾರವೆಲ್ಲ ಗೋಡೆ ಬಿಟ್ಟು ತೊಟ್ಟಿಲಿಗೆ ಬಂತು. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ರಗಾರರು ಮರಕ್ಕೆ ಅರಗಿನ ಬಣ್ಣ ಹಚ್ಚಿ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಬರೆದರು. ಬಿಚ್ಚಿ ಇಳಿಸಿದರೆ ಕೋಣೆ ಮತ್ತೆ ನೆಂಟರದು.

ನಮ್ಮ ತೊಟ್ಟಿಲು ಪಾಲಿನಲ್ಲಿ ಕಾಕಾನ ಮನೆ ಸೇರಿತು. ಅಂದಿನಿಂದ ಮಾತಿಲ್ಲ. ನಿನ್ನೆ ಅವ್ವ ತಾನೇ ಫೋನ್ ಹಚ್ಚಿದಳು.

“ತೊಟ್ಟಿಲಾ ತರ್ತೇನಿ. ಆದ್ರ ನಾಕ್ ದಿನಾ ಇದ್ದೇ ಹೋಗ್ತೇನಿ” ಅಂದನಂತೆ ಕಾಕಾ.

ಅವನ ಹಾಸಿಗೆಗೆ ಜಾಗ ಅಳೆಯುತ್ತಿದ್ದೇನೆ.