ಗಾಜಿನ ಫಲಕಗಳಿಂದ ಅಂತರ್ಜಾಲಕ್ಕೆ

ಹಳೆಯ ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಪ್ರಕಟಿಸುವವರು ಮೊದಲು ನಿರ್ಣಯಿಸಬೇಕಾದ ವಿಷಯವೊಂದುಂಟು. ಪ್ರತಿಯ ಸೂಕ್ಷ್ಮತೆಯನ್ನು ನೋಡುವವರ ಪರದೆಗೆ ತಕ್ಕಂತೆ ಗೊತ್ತುಮಾಡಬೇಕೋ, ಅಥವಾ ಮೂಲಚಿತ್ರದಲ್ಲಿ ಅಡಗಿರುವುದಕ್ಕೆ ತಕ್ಕಂತೆಯೋ? ರಷ್ಯಾ ದೇಶದ ಸೆರ್ಗೆಯ್ ಪ್ರೊಕುದಿನ್-ಗೋರ್‌ಸ್ಕಿಯ ಗಾಜಿನ ಫಲಕಗಳ ಇತಿಹಾಸವು ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುತ್ತದೆ.

1863ರಲ್ಲಿ ಜನಿಸಿದ ಈತನು ರಸಾಯನಶಾಸ್ತ್ರವನ್ನು ಬಲ್ಲ ಛಾಯಾಗ್ರಾಹಕನು. 1909ರಲ್ಲಿ ಚಕ್ರವರ್ತಿ ಎರಡನೆಯ ನಿಕೊಲಾಸನ ಆಶ್ರಯವು ದೊರೆಯಲು, ಕತ್ತಲಕೋಣೆಯುಳ್ಳ ರೈಲುಗಾಡಿಯಲ್ಲಿ ಸಂಚರಿಸಿ, 1915ರ ವರೆಗೆ ಸಾಮ್ರಾಜ್ಯದ ನಾನಾ ಭಾಗಗಳ ಚಿತ್ರಗಳನ್ನು ತೆಗೆದನು. ಸುಮಾರು 9 ಅಂಗುಲ ಉದ್ದ, 3 ಅಂಗುಲ ಅಗಲವಾದ ಗಾಜಿನ ಮೇಲೆ ಒಂದೇ ದೃಶ್ಯವನ್ನು ನೀಲಿ, ಹಸುರು, ಕೆಂಪು ಫಿಲ್ಟರುಗಳ ಮೂಲಕ ಒಂದಾದಮೇಲೊಂದರಂತೆ ಮೂರು ಸಲ ಹಿಡಿಯುವುದು ಅವನ ಕ್ರಮ. ಫಲಕದಲ್ಲಿ ಕಾಣುವುದು ಕಪ್ಪು ಬಿಳುಪು ಮಾತ್ರ. ಆಯಾ ಬಣ್ಣದ ಬೆಳಕಿನಿಂದ ಮೂರನ್ನೂ ಪರದೆಯಮೇಲೆ ಒಂದುಗೂಡಿಸಿದರೆ ದೃಶ್ಯದ ವರ್ಣಗಳು ಮೂಡುವುವು. ಅವನು 1918ರಲ್ಲಿ ದೇಶವನ್ನು ತೊರೆದು, 1944ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವನ ಉತ್ತರಾಧಿಕಾರಿಗಳಿಂದ ಸಂಗ್ರಹವನ್ನು ಕೊಂಡಿತು.

2000ನೆಯ ಇಸವಿಯಲ್ಲಿ 1,902 ನೆಗೆಟಿವುಗಳನ್ನೂ ಸ್ಕ್ಯಾನ್ ಮಾಡಲಾಯಿತು. ಮೂಲದಲ್ಲಿ ಬಣ್ಣವಿಲ್ಲದುದರಿಂದ ಆರಿಸಿಕೊಂಡುದು ಬೂದುಛಾಯೆಯ ಕ್ರಮವನ್ನು. ಸೂಕ್ಷ್ಮತೆಯು ಅಂಗುಲಕ್ಕೆ 1,000 ಬಿಂದುಗಳಿಗೂ ಮಿಗಿಲು. ಆಳವು 16 ಬಿಟ್. 8 ಬಿಟ್ಟಿನಲ್ಲಿ ಕಪ್ಪಿನಿಂದ ಬಿಳುಪಿನ ವರೆಗೆ 256 ಮೆಟ್ಟಿಲುಗಳಿದ್ದರೆ, 16 ಬಿಟ್ಟಿನಲ್ಲಿ 65,536 ಇರುವುವು. ನೆಗೆಟಿವಿನ ದಟ್ಟವಾದ ಭಾಗಗಳಲ್ಲಿ ಹುದುಗಿರುವ ವಿವರಗಳನ್ನು ಮುಂದೆ ತಿಳಿಗೊಳಿಸಲು ಈ ಮೆಟ್ಟಿಲುಗಳು ಬೇಕು. 1,000ದ ಲೆಕ್ಕದಲ್ಲಿಯೇ ಒಂದು ಫಲಕಕ್ಕೆ 2 ಕೋಟಿ 70 ಲಕ್ಷ ಬಿಂದುಗಳಾಗುವುವು. ಟೆಲಿಫೋನ್ ತಂತಿಯ ಮೂಲಕ ಅಂತರ್ಜಾಲವನ್ನು ಪಡೆಯುತ್ತಿದ್ದ ಅಂದಿನ ಮನೆಗಳಿಗೆ ಇಷ್ಟು ಭಾರವಾದ ಪ್ರತಿಯಿಂದ ಪ್ರಯೋಜನವಿರಲಿಲ್ಲ. ಆದುದರಿಂದ ನೋಡುವವರಿಗಾಗಿ ಕಿರಿಯ ಪ್ರತಿಗಳೂ ಏರ್ಪಟ್ಟುವು. ಹಿರಿಯ ಪ್ರತಿಯು ಭದ್ರವಾಗಿ ಉಳಿಯಿತು.

ಇದರ ಫಲವು ಬೇಗನೆ ದೊರೆಯಿತು. 2001ರ ಪ್ರದರ್ಶನಕ್ಕಾಗಿ 122 ಚಿತ್ರಗಳಿಗೆ ಗಣಕಯಂತ್ರದಲ್ಲಿ ಬಣ್ಣವನ್ನು ಕೂಡಿಸಿದರು. 2004ರಲ್ಲಿ ಬ್ಲೇಸ್ ಅಗುವೆರಾ ಇ ಆರ್ಕಾಸ್ ಎಂಬವರು ರಚಿಸಿದ ಕ್ರಮದಿಂದ ಸಮಸ್ತ ಸಂಗ್ರಹದ ಮೂರು ಮೂರು ಛಾಯೆಗಳೂ ತಾವಾಗಿ ಹೊಂದಿಕೊಂಡುವು. ಒಂದು ಛಾಯೆಗೂ ಇನ್ನೊಂದಕ್ಕೂ ನಡುವೆ ನೀರು ಹರಿದಿರುವುದು, ಎಲೆಗಳು ಅಲುಗಿರುವುದು, ಜನರು ಕದಲಿರುವುದು. ಅಂತಹ ಸೂಕ್ಷ್ಮಭೇದಗಳನ್ನು ಅಳೆದು ಸರಿಪಡಿಸಲು ಹಿರಿಯ ಪ್ರತಿಯೇ ಆಧಾರವಾಯಿತು. ಕಿರಿಯ ಪ್ರತಿಗಳನ್ನಷ್ಟೇ ಮಾಡಿದ್ದರೆ ಗಾಜನ್ನು ಪುನಃ ಹೊರತೆಗೆಯಬೇಕಾಗುತ್ತಿತ್ತು. ಗಾಜನ್ನು ಎತ್ತಿ ಇಡುವ ಪ್ರತಿಯೊಂದು ಸಲವೂ ಅದು ಒಡೆಯುವ ಭಯವುಂಟು.

ಅಂಗೈಯಗಲದ ನೆಗೆಟಿವಿಗೂ ಗೋಡೆಗೆ ತೂಗುಹಾಕಿದ ದೊಡ್ಡ ಪಟಕ್ಕೂ ಅಂಗುಲಕ್ಕೆ ಒಂದೇ ಸಂಖ್ಯೆಯನ್ನು ವಿಧಿಸುವುದು ಸಲ್ಲದು. ಮೂಲವನ್ನು ಪರೀಕ್ಷಿಸಿ, ಅದರಲ್ಲಿರುವುದೆಲ್ಲವೂ ಒಂದೇ ಸಲಕ್ಕೆ ಬರುವಂತೆ ಹಿರಿಯ ಪ್ರತಿಯನ್ನು ಮಾಡತಕ್ಕುದು. ಹಿರಿದರಿಂದ ಕಿರಿದನ್ನು ಎಂದಾದರೂ ಮಾಡಬಹುದು. ಕಿರಿದರಿಂದ ಹಿರಿದನ್ನು ಪಡೆಯುವುದು ಅಸಾಧ್ಯವು.