ಪಶ್ಚಿಮ ಬೆಂಗಳೂರಿನಲ್ಲಿ ಬೆಸುಗೆಯ ಕೈಗೆಲಸ: ಒಂದು ಚಾರಿತ್ರಿಕ ವಿವೇಚನೆ

ನಮ್ಮ ನಾಡಿನ ಕೈಗಾರಿಕೆಯ ಚರಿತ್ರೆಯನ್ನು ಬರೆಯುವವರು ಕಾರ್ಖಾನೆಗಳ ಸ್ಥಾಪನೆ, ಬಂಡವಾಳ, ಉತ್ಪನ್ನದ ಮೊತ್ತ, ಕಾರ್ಮಿಕ ಸಂಘಗಳ ಚಳವಳಿ ಮೊದಲಾದುವನ್ನು ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. ಇವುಗಳಿಗೆ ಕಾಗದಪತ್ರಗಳುಂಟು. ಆದರೆ ಆ ಕಾರ್ಖಾನೆಗಳಲ್ಲಿ ನಿಜವಾಗಿ ಕೆಲಸ ಮಾಡಿದ ಕೈಗಳು ಏನನ್ನು ಕಲಿತುವು, ಹೇಗೆ ಕಲಿತುವು ಎಂಬುದಕ್ಕೆ ದಾಖಲೆ ಬಹು ವಿರಳ. ಪ್ರಕೃತ ಲೇಖನದಲ್ಲಿ ಅಂಥ ಒಂದು ಕಿರಿಯ ಕೆಲಸವನ್ನು, ಎಂದರೆ ವಿದ್ಯುನ್ಮಾನ ಹಲಗೆಯ ಮೇಲೆ ಅತಿ ಸಣ್ಣ ಬಿಡಿಭಾಗಗಳನ್ನು ಕೈಯಿಂದ ಬೆಸೆಯುವ ಕೆಲಸವನ್ನು, ಎತ್ತಿಕೊಂಡಿದ್ದೇವೆ. ಯಂತ್ರ ಬಂದೊಡನೆ ಕೈಯ ಕೌಶಲ ಅಳಿಯಿತು ಎಂಬ ರೂಢಿಯ ಮಾತು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂದು ನೋಡುವುದು ನಮ್ಮ ಉದ್ದೇಶ.

ಬೆಸುಗೆ ನಮಗೆ ಹೊಸತಲ್ಲ. ಅಕ್ಕಸಾಲಿಗನು ಬಿಳಿಗಾರವನ್ನು ಹಚ್ಚಿ, ಊದುಗೊಳವೆಯಿಂದ ಉರಿಯನ್ನು ಊದಿ, ಚಿಮಟದಲ್ಲಿ ಹಿಡಿದ ಒಡವೆಯನ್ನು ಬೆಸೆಯುತ್ತಿದ್ದನು. ಕಲಾಯಿಯವನು ಕಾದ ತಾಮ್ರದ ಪಾತ್ರೆಗೆ ನವಸಾಗರವನ್ನು ಉಜ್ಜಿ ತವರವನ್ನು ಹರಿಸುತ್ತಿದ್ದನು. ಇಬ್ಬರ ಕೆಲಸದ ತತ್ತ್ವವೂ ಒಂದೇ: ಲೋಹದ ಮೈಮೇಲಣ ಕಿಲುಬನ್ನು ಕಳೆದಲ್ಲದೆ ಕರಗಿದ ಲೋಹ ಅದಕ್ಕೆ ಅಂಟುವುದಿಲ್ಲ. ವಿದ್ಯುನ್ಮಾನದ ಬೆಸುಗೆಯಲ್ಲಿ ಬಿಳಿಗಾರ, ನವಸಾಗರಗಳ ಸ್ಥಾನವನ್ನು ಮರದ ರಾಳ ವಹಿಸಿತು. ಬಹುಕಾಲ ಬಳಕೆಯಲ್ಲಿದ್ದ ಬೆಸುಗೆ ತಂತಿಯಲ್ಲಿ ತವರ ನೂರಕ್ಕೆ 63 ಪಾಲು, ಸೀಸ 37 ಪಾಲು. ಈ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಮ್ಮೆಗೇ ಕರಗುತ್ತದೆ. ಆದಕಾರಣ ಹೊಸ ಕೈಗಾರಿಕೆ ಬೆಂಗಳೂರಿಗೆ ಬಂದಾಗ ಅದರ ಮೂಲ ಕ್ರಿಯೆ ಇಲ್ಲಿಯ ಪೇಟೆಬೀದಿಗಳಿಗೆ ಅಪರಿಚಿತವಾಗಿರಲಿಲ್ಲ. ಹಾಗೆಂದು ಅಕ್ಕಸಾಲಿಗರೇ ಕಾರ್ಖಾನೆಯ ಕೆಲಸಗಾರರಾದರೆಂದು ನಾವು ಹೇಳುತ್ತಿಲ್ಲ. ಸಾಮ್ಯವಿರುವುದು ಕ್ರಿಯೆಯಲ್ಲಿ ಮಾತ್ರ.

1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ನಗರದ ಪೂರ್ವಕ್ಕೂ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ವಾಯವ್ಯದ ಜಾಲಹಳ್ಳಿಯಲ್ಲೂ ಸ್ಥಾಪಿತವಾದುವು. ಪಶ್ಚಿಮದಲ್ಲಿ ಇವುಗಳಷ್ಟು ದೊಡ್ಡ ಹೆಸರಿಲ್ಲದಿದ್ದರೂ ನೆಲೆ ಗಟ್ಟಿಯಾಗಿತ್ತು. ಮೈಸೂರು ರಸ್ತೆಯಲ್ಲಿ ರೆಮ್ಕೊ ಎಂದು ಜನ ಕರೆಯುತ್ತಿದ್ದ ಕಂಪೆನಿಯೊಂದಿತ್ತು. ರೇಡಿಯೋ ಮತ್ತು ವಿದ್ಯುತ್ ಉಪಕರಣಗಳ ಹೆಸರನ್ನೇ ಹೊತ್ತಿದ್ದ ಅದು 1970ರ ದಶಕದಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯಲ್ಲಿ ಸೇರಿ ಅದರ ವಿದ್ಯುನ್ಮಾನ ವಿಭಾಗವಾಯಿತು. ವಿಜಯನಗರದ ರೆಮ್ಕೊ ಬಡಾವಣೆಯ ಹೆಸರಿನಲ್ಲಿ ಆ ನೆನಪು ಇಂದಿಗೂ ಉಳಿದಿದೆ. ರಾಜಾಜಿನಗರವಾದರೋ ಕೈಗಾರಿಕಾ ಉಪನಗರವೆಂಬ ಭಾವನೆಯಿಂದಲೇ ಬೆಳೆದುದು. ಅಲ್ಲಿಯ ಕೈಗಾರಿಕಾ ವಸಾಹತು, ಸಣ್ಣ ಉದ್ಯಮಗಳಿಗೆ ಮಳಿಗೆಗಳನ್ನು ಒದಗಿಸಲು 1960ರಲ್ಲಿ ಹುಟ್ಟಿದ ರಾಜ್ಯ ನಿಗಮ, ವಿಜಯನಗರದಲ್ಲಿ ನೆಲೆಗೊಂಡ ಸಣ್ಣ ಕೈಗಾರಿಕೆಗಳ ಸಂಘ (ಇದರ ಸ್ಥಾಪನೆ 1949), ಇವೆಲ್ಲ ಸೇರಿ ಹತ್ತಿಪ್ಪತ್ತು ಜನ ದುಡಿಯುವ ಪುಟ್ಟ ಘಟಕಕ್ಕೆ ನಗರದ ಈ ಭಾಗದಲ್ಲಿ ಎಡೆಮಾಡಿಕೊಟ್ಟುವು.

ಆ ಕಾಲದ ಬೆಸುಗೆ ದೊಡ್ಡ ಭಾಗಗಳದು. ರೋಧಕಕ್ಕೂ ಧಾರಕಕ್ಕೂ ತಂತಿಯ ಕಾಲುಗಳಿರುತ್ತಿದ್ದುವು. ಅವನ್ನು ಬಗ್ಗಿಸಿ ಹಲಗೆಯ ರಂಧ್ರದಲ್ಲಿ ತೂರಿಸಿ, ಹಿಂಬದಿಯಿಂದ ಕಾದ ಕಡ್ಡಿಯನ್ನು ತಾಗಿಸಿದರಾಯಿತು. ಭಾಗವನ್ನು ರಂಧ್ರವೇ ಹಿಡಿದಿರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಸ್ಯಾಟರ್ನ್ ರಾಕೆಟ್ಟಿನ ಗಣಕದಂಥ ಕೆಲಸಗಳಿಗಾಗಿ ಭಾಗಗಳನ್ನು ಹಲಗೆಯ ಮೇಲ್ಮೈಯಲ್ಲೇ ಕೂರಿಸುವ ಕ್ರಮವನ್ನು ಬೆಳೆಸಿತು. 1980ರ ದಶಕದಲ್ಲಿ ಅದು ಲೋಕವ್ಯಾಪಿಯಾಯಿತು. ಭಾಗಗಳು ಕಿರಿದಾಗುತ್ತ ಬಂದುವು: 1206 ಎಂಬ ಅಳತೆಯದು 3.2 ಮಿಲಿಮೀಟರ್ ಉದ್ದ, 1.6 ಮಿಲಿಮೀಟರ್ ಅಗಲ; 0603 ಅದರ ಅರ್ಧ; 0402 ಎಂಬುದು ಕೇವಲ 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ರಾಗಿಯ ಕಾಳು ಇದಕ್ಕಿಂತ ದಪ್ಪ.

ಇಲ್ಲಿ ಕೈಯ ಪಾಠ ಪೂರ್ತಿ ಬದಲಾಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ರಂಧ್ರದ ಆಸರೆ ಹೋದುದರಿಂದ ಭಾಗವನ್ನು ಹಿಡಿಯುವ ಹೊಣೆ ಒಂದು ಕೈಗೆ, ಕಡ್ಡಿಯ ಹೊಣೆ ಇನ್ನೊಂದಕ್ಕೆ ಬಿದ್ದಿತು. ಮೊದಲು ಒಂದು ತಾಮ್ರದ ಪಟ್ಟಿಗೆ ತುಸು ಬೆಸುಗೆ ಹಾಕಬೇಕು. ಅದನ್ನು ಮತ್ತೆ ಕರಗಿಸಿ, ಚಿಮಟದಿಂದ ಭಾಗವನ್ನು ಜಾರಿಸಿ ಕೂರಿಸಬೇಕು. ಅದು ಹೆಪ್ಪುಗಟ್ಟುವವರೆಗೆ ಕೈ ಅಲುಗಬಾರದು. ಬಳಿಕ ಎರಡನೆಯ ತುದಿ, ಕೊನೆಗೆ ಮೊದಲನೆಯದರ ತಿದ್ದುಪಡಿ. ಹಲವು ಕಾಲುಗಳ ಐಸಿಯಾದರೆ ಎದುರುಬದುರು ಮೂಲೆಗಳನ್ನು ಹಿಡಿಸಿ, ರಾಳವನ್ನು ಧಾರಾಳವಾಗಿ ಸವರಿ, ಕಡ್ಡಿಯನ್ನು ಸಾಲುದ್ದಕ್ಕೂ ಎಳೆಯುತ್ತಾರೆ. ಕರಗಿದ ಲೋಹ ಮೇಲ್ಮೈ ಸೆಳೆತದಿಂದ ತಾನೇ ಆಯಾ ಕಾಲಿಗೆ ಹಂಚಿಕೊಳ್ಳುತ್ತದೆ. ಎರಡು ಕಾಲುಗಳ ನಡುವೆ ಸೇತುವೆ ನಿಂತರೆ ತಾಮ್ರದ ಹೆಣಿಗೆಪಟ್ಟಿಯಿಂದ ಹೀರಿಸುತ್ತಾರೆ. ಶಾಖ ಕಡಮೆಯಾದರೆ ಬೆಸುಗೆ ಹುಸಿ. ಹೆಚ್ಚಾದರೆ ತಾಮ್ರದ ಪಟ್ಟಿ ಕಿತ್ತು ಬರುವುದುಂಟು, ಪಿಂಗಾಣಿಯ ಧಾರಕ ಕಣ್ಣಿಗೆ ಕಾಣದಂತೆ ಬಿರಿಯುವುದುಂಟು.

ಯಂತ್ರವೂ ಜತೆಯಲ್ಲೇ ಬಂದಿತು. ಬೆಸುಗೆಯ ಲೇಹ್ಯವನ್ನು ತಗಡಿನ ಅಚ್ಚಿನ ಮೂಲಕ ಬಳಿದು, ಭಾಗಗಳನ್ನು ಯಂತ್ರ ಎತ್ತಿಟ್ಟು, ಕುಲುಮೆಯಲ್ಲಿ ಒಟ್ಟಿಗೆ ಕರಗಿಸುವುದು ಅದರ ಕ್ರಮ. ಸಾವಿರಾರು ಹಲಗೆಗಳನ್ನು ಒಂದೇ ಬಗೆಯಾಗಿ ಮಾಡಬೇಕಾದಲ್ಲಿ ಕೈ ಅದರೊಡನೆ ಸ್ಪರ್ಧಿಸಲಾರದು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, ಮುಂದಿನ ವರ್ಷಗಳಲ್ಲಿ ಆಮದು ಸುಂಕವನ್ನು ಇಳಿಸುತ್ತ ಬಂದಾಗ ಹೊರನಾಡಿನ ಯಂತ್ರನಿರ್ಮಿತ ಸರಕು ಸಣ್ಣ ಘಟಕಗಳ ಎದುರು ನಿಂತಿತು. ಆದರೂ ಕೈಕೆಲಸ ಅಳಿಯಲಿಲ್ಲ; ಅಂಚಿಗೆ ಸರಿಯಿತು. ಹೊಸ ಉಪಕರಣದ ಮೊದಲ ಮಾದರಿ, ಐದು ಹತ್ತು ಹಲಗೆಗಳ ಸಣ್ಣ ಗುತ್ತಿಗೆ, ಕುಲುಮೆ ಕೆಡಿಸಿದುದರ ತಿದ್ದುಪಡಿ, ಮೊಬೈಲಿನ ದುರಸ್ತಿ, ಇವುಗಳಿಗೆ ಯಂತ್ರವನ್ನು ಹೂಡುವ ಖರ್ಚು ಗಿಟ್ಟದು. ಕುಲುಮೆಯಲ್ಲಿ ಒಂದು ತುದಿ ಮೊದಲು ಕರಗಿ ಭಾಗ ನೆಟ್ಟಗೆ ಎದ್ದು ನಿಂತರೆ ಅದನ್ನು ಮಲಗಿಸುವುದು ಮತ್ತೆ ಮನುಷ್ಯನ ಕೈಯೇ. ಬಸವೇಶ್ವರನಗರ, ಕೆಂಗೇರಿಗಳ ದುರಸ್ತಿ ಅಂಗಡಿಗಳಲ್ಲಿ ಭೂತಗನ್ನಡಿಯ ಕೆಳಗೆ ಬಗ್ಗಿ ಕುಳಿತವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮುಖ್ಯವಾದ ಪ್ರಶ್ನೆ, ಈ ಕೈ ಯಾರದು ಎಂಬುದು. ಬೆಂಗಳೂರಿನ ವಿದ್ಯುನ್ಮಾನ ಕಾರ್ಖಾನೆಗಳ ಜೋಡಣೆಯ ಸಾಲುಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಅವರ ಬೆರಳು ಸಣ್ಣದು, ಸಹನೆ ಸಹಜವಾದುದು ಎಂಬುದು ಅದಕ್ಕೆ ಹೇಳುತ್ತಿದ್ದ ಕಾರಣ. ಮೇಲ್ನೋಟಕ್ಕೆ ಇದು ಹೊಗಳಿಕೆ. ಆದರೆ ಸಹಜವಾಗಿ ಬಂದುದಕ್ಕೆ ಕಲಿಕೆಯ ಬೆಲೆಯನ್ನು ಕೊಡಬೇಕಾಗಿಲ್ಲವೆಂಬ ಲೆಕ್ಕ ಅದರೊಳಗೆ ಅಡಗಿದೆ. 1981ರಲ್ಲಿ ಡಯೇನ್ ಎಲ್ಸನ್ ಮತ್ತು ರೂತ್ ಪಿಯರ್ಸನ್ ಎಂಬ ವಿದುಷಿಯರು ಹೊರದೇಶಗಳ ಕಾರ್ಖಾನೆಗಳನ್ನು ಕುರಿತು ಇದೇ ವಾದವನ್ನು ಮಂಡಿಸಿದರು: ಹುಟ್ಟುಗುಣವೆಂದು ಕಾಣುವುದು ಮನೆಯಲ್ಲಿ ಹೊಲಿಗೆಯಂಥ ಕೆಲಸದಿಂದ ಚಿಕ್ಕಂದಿನಲ್ಲೇ ಪಡೆದ ಶಿಕ್ಷಣ. ಮೇಲೆ ವಿವರಿಸಿದ ಕ್ರಮವನ್ನು ಮತ್ತೊಮ್ಮೆ ಓದಿದರೆ ಇದು ಸ್ಪಷ್ಟವಾಗುತ್ತದೆ. ಶಾಖವನ್ನು ಅಳೆಯುವುದು, ಹುಸಿ ಬೆಸುಗೆಯನ್ನು ಹೊಳಪಿನಿಂದ ಗುರುತಿಸುವುದು, ಕೈಯನ್ನು ನಿಲ್ಲಿಸುವುದು, ಇವು ಯಾವ ಬೆರಳಿಗೂ ಹುಟ್ಟಿನಿಂದ ಬಂದುವಲ್ಲ. ತಪ್ಪಿ ತಪ್ಪಿ ಕಲಿತುವು.

ಇದರ ಬೆಲೆಯನ್ನು ದೇಹವೂ ತೆತ್ತಿದೆ. ರಾಳದ ಹೊಗೆ ಉಬ್ಬಸವನ್ನು ತರಬಲ್ಲುದು. ಸೀಸ ಕೈಯಿಂದ ಬಾಯಿಗೆ ಸೇರಬಲ್ಲುದು. ಐರೋಪ್ಯ ಒಕ್ಕೂಟ 2006ರ ಜುಲೈಯಿಂದ ಇಂಥ ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಭಾರತದಲ್ಲಿ ಅಂಥ ಮಿತಿ 2014ರಿಂದ ಜಾರಿಗೆ ಬಂದಿತು. ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಅದರ ಮೈ ಹಳೆಯದರಂತೆ ಹೊಳೆಯುವುದಿಲ್ಲ. ಹೊಳಪನ್ನು ನೋಡಿ ಬೆಸುಗೆಯನ್ನು ಪರೀಕ್ಷಿಸುತ್ತಿದ್ದ ಕಣ್ಣು ಹೊಸ ಪಾಠವನ್ನು ಕಲಿಯಬೇಕಾಯಿತು. ಈ ಕಲಿಕೆಗೂ ದಾಖಲೆಯಿಲ್ಲ.

ಕಾರ್ಖಾನೆಯ ಗೋಡೆ ಬಿದ್ದರೂ ಅದರ ವಾರ್ಷಿಕ ವರದಿ ಎಲ್ಲಿಯೋ ಉಳಿಯುತ್ತದೆ. ಕೈಯ ತಿಳಿವಳಿಕೆ ಹಾಗಲ್ಲ. ಅದು ನಿವೃತ್ತಿಯೊಡನೆ ಮನೆಗೆ ಹೋಗುತ್ತದೆ, ಮರಣದೊಡನೆ ಮುಗಿಯುತ್ತದೆ. 1980ರ ದಶಕದಲ್ಲಿ ಮೊದಲ ಬಾರಿಗೆ ಈ ಕಿರುಭಾಗಗಳನ್ನು ಚಿಮಟದಲ್ಲಿ ಹಿಡಿದವರು ಇಂದು ವೃದ್ಧರಾಗಿದ್ದಾರೆ. ಅವರಲ್ಲಿ ಅನೇಕರು ನಮ್ಮ ವಿದ್ಯಾರ್ಥಿಗಳ ಅಜ್ಜಿಯರೋ ದೊಡ್ಡಮ್ಮಂದಿರೋ ಆಗಿರಬಹುದು. ಶಾಸನವನ್ನು ಹುಡುಕಿಕೊಂಡು ದೂರದ ಊರುಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಒಂದು ಸಂಜೆ ತಮ್ಮ ಮನೆಯ ಜಗುಲಿಯಲ್ಲೇ ಕುಳಿತು ಅವರ ಮಾತನ್ನು ಬರೆದುಕೊಂಡರೆ, ಈ ನಗರದ ಚರಿತ್ರೆಗೆ ಬೇರೆಲ್ಲಿಯೂ ದೊರೆಯದ ಆಕರ ದೊರೆಯುತ್ತದೆ. ಆ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ.